ದುರ್ಗಪ್ಪನ ಗೋಡೆಯ ಜೆರ್ಸಿ

ಶಿರಾಲಿಯಲ್ಲಿ ಹೆದ್ದಾರಿ ಅಗಲವಾದಾಗ ಮಾಬ್ಲೇಶ್ವರ ನಾಯ್ಕರ ಅಂಗಡಿ ಹದಿನಾಲ್ಕು ಅಡಿ ಹಿಂದೆ ಸರಿಯಿತು. ಮುಂದಿನ ಜಗಲಿ ಹೋಯಿತು, ಹಳೆಯ ಬೋರ್ಡು ಹೋಯಿತು. ಗಿರಾಕಿಗಳು ಹೋಗಲಿಲ್ಲ. ಫೋಟೋಕ್ಕೆ ಕಟ್ಟು ಹಾಕಿಸಬೇಕಾದವರು ಭಟ್ಕಳ ಪೇಟೆಯ ಅಂಗಡಿಗಳನ್ನು ಬಿಟ್ಟು ಇಲ್ಲಿಗೇ ಬರುತ್ತಾರೆ. ದೇವರ ಪಟ, ಮದುವೆಯ ಫೋಟೋ, ತೀರಿಕೊಂಡವರ ಫೋಟೋ, ಮಕ್ಕಳ ಸರ್ಟಿಫಿಕೇಟು. ಐವತ್ಮೂರು ವರ್ಷದ ಮಾಬ್ಲೇಶ್ವರ ಈ ಕೆಲಸಕ್ಕೆ ಕೂತು ಮೂವತ್ತು ವರ್ಷ ಆಗಿದೆ. ಅವರು ಹಾಕಿದ ಕಟ್ಟಿನ ಮೂಲೆಯಲ್ಲಿ ಉಗುರು ತೂರುವಷ್ಟೂ ಸಂದು ಇರುವುದಿಲ್ಲ ಎಂದು ಹೇಳುವವರು ಹೊನ್ನಾವರದಲ್ಲೂ ಇದ್ದಾರೆ.

ಅವರದ್ದೊಂದು ನಿಯಮವಿದೆ. ಕಾಗದವಾದರೆ ವರ್ಷವಿಡೀ ಕಟ್ಟು ಹಾಕುತ್ತಾರೆ, ಬಟ್ಟೆಯನ್ನು ಮಳೆಗಾಲದಲ್ಲಿ ಮುಟ್ಟುವುದಿಲ್ಲ. ಈ ಕರಾವಳಿಯಲ್ಲಿ ಜೂನ್ ತಿಂಗಳ ಬಟ್ಟೆ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ಅದನ್ನು ಗಾಜಿನೊಳಗೆ ಇಟ್ಟು ಹಿಂದೆ ಟೇಪು ಹಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಹೆಣ್ಣುಮಕ್ಕಳ ಕಸೂತಿ, ಸನ್ಮಾನದ ಶಾಲು, ಸ್ಕೌಟಿನ ಸ್ಕಾರ್ಫು, ಏನೇ ತಂದರೂ ಅವರ ಉತ್ತರ ಒಂದೇ: ದೀಪಾವಳಿ ಕಳೆಯಲಿ, ಎರಡು ಬಿಸಿಲು ಕಾಣಿಸಿ ಹಾಕಿಕೊಡುತ್ತೇನೆ. ಒಮ್ಮೆ ಬ್ಯಾಂಕಿನ ಮ್ಯಾನೇಜರರನ್ನೂ ಹೀಗೆ ಹೇಳಿ ವಾಪಸು ಕಳಿಸಿದ್ದರು. ವರ್ಗವಾಗಿ ಕುಮಟೆಗೆ ಹೋಗಿದ್ದ ಆ ಮ್ಯಾನೇಜರು ಡಿಸೆಂಬರಿನಲ್ಲಿ ಶಾಲು ಹಿಡಿದುಕೊಂಡು ಮತ್ತೆ ಬಂದರು.

ಮೂವತ್ತು ವರ್ಷದಲ್ಲಿ ಈ ನಿಯಮ ತಪ್ಪಿದ್ದು ಒಂದೇ ಸಲ. ಹೋದ ವರ್ಷ ಜೂನ್ ಮೊದಲ ವಾರ, ದುರ್ಗಪ್ಪ ಮೊಗೇರ ತಂದ ಒಂದು ಜೆರ್ಸಿಗಾಗಿ.

ಮಾಬ್ಲೇಶ್ವರ ಮತ್ತು ದುರ್ಗಪ್ಪ ಒಂದೇ ಶಾಲೆಯಲ್ಲಿ ಓದಿದವರು, ಒಂದೇ ತಂಡದಲ್ಲಿ ಕಬಡ್ಡಿ ಆಡಿದವರು. ಆಗೆಲ್ಲ ಗದ್ದೆ ಕೊಯ್ಲಾದ ಮೇಲೆ ಹೊನಲು ಬೆಳಕಿನ ಪಂದ್ಯಾವಳಿಗಳು ಶುರುವಾಗುತ್ತಿದ್ದವು. ಒಂದು ವಾರ ಹೊನ್ನಾವರ, ಮುಂದಿನ ವಾರ ಕಾಗಾಲ, ಅದರ ಮುಂದಿನ ವಾರ ಬೈಂದೂರು ಕಡೆ. ದುರ್ಗಪ್ಪ ರೈಡಿಗೆ ಹೋಗುತ್ತಿದ್ದವರು. ಎತ್ತರದ ಆಳು, ಕಂಠ ದೊಡ್ಡದು, ಗೆರೆ ದಾಟುವಾಗಲೇ ಜನ ಎದ್ದು ನಿಲ್ಲುತ್ತಿದ್ದರು. ಮಾಬ್ಲೇಶ್ವರ ಎಡ ಮೂಲೆಯಲ್ಲಿ ನಿಂತು ಕಾಲು ಹಿಡಿಯುತ್ತಿದ್ದವರು. ಕಾಲು ಹಿಡಿಯುವವನ ಹೆಸರನ್ನು ಜನ ಕೂಗುವುದಿಲ್ಲ. ಹಿಡಿದ ಕೂಡಲೇ ಉಳಿದ ಆರು ಜನ ಮೇಲೆ ಬೀಳುತ್ತಾರೆ. ಎದ್ದು ನಿಲ್ಲುವಾಗ ಮೊದಲು ಹಿಡಿದವನು ಎಲ್ಲರ ಅಡಿಯಲ್ಲಿರುತ್ತಾನೆ.

ಆಟ ಬಿಟ್ಟ ಮೇಲೆ ಇಬ್ಬರೂ ಸೇರಿ ಅಳ್ವೆಕೋಡಿಯ ಮರಳ ದಂಡೆಯಲ್ಲಿ ಸಂಜೆ ಮಕ್ಕಳಿಗೆ ಆಟ ಕಲಿಸಲು ಶುರು ಮಾಡಿದರು. ದುರ್ಗಪ್ಪ ಅಷ್ಟರಲ್ಲಿ ಮೀನಿನ ಬೋಟು ನಡೆಸುವ ತಾಂಡೇಲರಾಗಿದ್ದರು. ಸಮುದ್ರಕ್ಕೆ ಹೋದ ದಿನ ಬರುತ್ತಿರಲಿಲ್ಲ. ಮಾಬ್ಲೇಶ್ವರ ಅಂಗಡಿ ಮುಚ್ಚಿ ದಿನವೂ ಬರುತ್ತಿದ್ದರು. ಅಲ್ಲಿಗೆ ಹತ್ತು ವರ್ಷದ ದೇವರಾಜ ಬಂದ. ಬಲೆ ಹೆಣೆಯುವವರ ಮನೆಯ ಹುಡುಗ, ಸಣಕಲ, ಮಾತು ಕಡಿಮೆ. ಎರಡು ತಿಂಗಳು ಅವನನ್ನು ರೈಡಿಗೆ ಕಳಿಸಿ ನೋಡಿದ ದುರ್ಗಪ್ಪ, ಇವನಿಗೆ ಉಸಿರು ಸಾಲುವುದಿಲ್ಲ ಎಂದು ಬಿಟ್ಟುಬಿಟ್ಟರು. ಮಾಬ್ಲೇಶ್ವರ ಅವನನ್ನು ಎಡ ಮೂಲೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಬಂದವನ ಮುಖ ನೋಡಬೇಡ, ಮೊಣಕಾಲು ನೋಡು ಎಂದರು. ಕಾಲು ನೆಲ ಬಿಡುವಾಗ ಹಿಡಿಯಬೇಡ, ನೆಲ ಮುಟ್ಟುವಾಗ ಹಿಡಿ ಎಂದರು. ಏಳು ವರ್ಷ ಇದನ್ನೇ ಹೇಳಿದರು.

ದೇವರಾಜನಿಗೆ ಈಗ ಇಪ್ಪತ್ತೈದು. ಮೂರು ವರ್ಷದಿಂದ ದೊಡ್ಡ ಲೀಗಿನ ಒಂದು ತಂಡದಲ್ಲಿ ಎಡ ಮೂಲೆಯಲ್ಲಿ ಆಡುತ್ತಿದ್ದಾನೆ. ಅವನು ಟೀವಿಯಲ್ಲಿ ಬರುವ ದಿನ ಮಾಬ್ಲೇಶ್ವರ ಅಂಗಡಿಯಲ್ಲಿ ಮೊಬೈಲನ್ನು ಗಾಜಿನ ಹಲಗೆಗೆ ಒರಗಿಸಿಟ್ಟು ನೋಡುತ್ತಾರೆ. ಹುಡುಗ ಬಗ್ಗುವ ರೀತಿ, ಎಡಗೈ ಮೇಲೆ ಬಲಗೈ ಕೆಳಗೆ ಮಾಡಿ ಹಿಡಿಯುವ ರೀತಿ, ಹಿಡಿದು ಹಿಂದಕ್ಕೆ ಕೂತುಬಿಡುವ ರೀತಿ, ಎಲ್ಲ ತನ್ನದೇ. ಇದನ್ನು ಅವರು ಯಾರಿಗೂ ಬಾಯಿಬಿಟ್ಟು ಹೇಳಿದವರಲ್ಲ. ನೋಡಿದವರಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದರು. ಯಾರಿಗೂ ಗೊತ್ತಾಗಲಿಲ್ಲ. ಅಂಗಡಿಗೆ ಬಂದವರು ಮೊಬೈಲಿನ ಕಡೆ ನೋಡಿ, ನಮ್ಮ ದುರ್ಗಪ್ಪನ ಹುಡುಗ ಅಲ್ಲವಾ ಎಂದು ಕೇಳುತ್ತಿದ್ದರು.

ಹಾಗೆ ಕೇಳುವುದಕ್ಕೂ ಕಾರಣವಿತ್ತು. ಹುಡುಗನಿಗೆ ಹದಿನೇಳಾದಾಗ ಮಂಗಳೂರಿನಲ್ಲಿ ಕಬಡ್ಡಿ ತಂಡವೊಂದರ ಆಯ್ಕೆ ನಡೆಯಿತು. ನಾಲ್ಕು ದಿನ ಜೊತೆಗೆ ಯಾರಾದರೂ ದೊಡ್ಡವರು ಇರಬೇಕಿತ್ತು. ಹುಡುಗ ಮೊದಲು ಕೇಳಿದ್ದು ಮಾಬ್ಲೇಶ್ವರರನ್ನೇ. ಅದು ಚೌತಿಯ ಹಿಂದಿನ ವಾರ, ವರ್ಷದಲ್ಲಿ ಅತಿ ಹೆಚ್ಚು ದೇವರ ಪಟ ಹೋಗುವ ವಾರ. ಅವರು ದುರ್ಗಪ್ಪನನ್ನು ಕೇಳು ಎಂದರು. ದುರ್ಗಪ್ಪ ಬೋಟನ್ನು ತಮ್ಮನಿಗೆ ಒಪ್ಪಿಸಿ ಹುಡುಗನ ಜೊತೆ ರೈಲು ಹತ್ತಿದರು. ಆಯ್ಕೆಯಾದ ಮೇಲೆ ತೆಗೆದ ಫೋಟೋದಲ್ಲಿ ಹುಡುಗನ ಹೆಗಲ ಮೇಲೆ ಇರುವುದು ದುರ್ಗಪ್ಪನ ಕೈ. ಆ ಫೋಟೋಕ್ಕೆ ಕಟ್ಟು ಹಾಕಿಕೊಟ್ಟವರೂ ಮಾಬ್ಲೇಶ್ವರರೇ.

ಜೂನ್ ಒಂದಕ್ಕೆ ಬೋಟುಗಳು ದಡ ಸೇರಿದವು. ಮಳೆಗಾಲದ ನಿಷೇಧ, ಇನ್ನೆರಡು ತಿಂಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೂರನೇ ದಿನ ದುರ್ಗಪ್ಪ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಒಂದು ಕೊರಿಯರ್ ಪೊಟ್ಟಣ ಹಿಡಿದುಕೊಂಡು ಅಂಗಡಿಗೆ ಬಂದರು. ಹೊರಗೆ ಮಳೆ ಇತ್ತು. ಕೈ ಒರೆಸಿಕೊಂಡು ಪೊಟ್ಟಣ ಬಿಚ್ಚಿ ಹಲಗೆಯ ಮೇಲೆ ಹರಡಿದರು. ತಿಳಿ ನೀಲಿ ಬಣ್ಣದ ಜೆರ್ಸಿ, ಎದೆಯ ಮೇಲೆ ಏಳನೇ ನಂಬರು. ತಂಡದವರೆಲ್ಲ ಕಪ್ಪು ಮಾರ್ಕರಿನಲ್ಲಿ ಸಹಿ ಹಾಕಿದ್ದರು. ನಂಬರಿನ ಕೆಳಗೆ ಕನ್ನಡದಲ್ಲಿ, ಶಾಲೆಯ ಹುಡುಗನ ಉರುಟು ಅಕ್ಷರದಲ್ಲಿ ಬರೆದಿತ್ತು: ನನ್ನ ಮೊದಲ ಗುರು ದುರ್ಗಣ್ಣನಿಗೆ, ದೇವರಾಜ.

ಮಾಬ್ಲೇಶ್ವರ ಅದನ್ನು ಓದಿದರು. ಮೊದಲ ಎಂಬ ಪದದ ಮೇಲೆ ಕಣ್ಣು ನಿಂತಿತು ಎಂದು ಅವರು ಈಗ ಹೇಳುತ್ತಾರೆ. ಗುರು ಎಂದಷ್ಟೇ ಬರೆದಿದ್ದರೆ ಸಹಿಸಬಹುದಿತ್ತು. ಮೊದಲನೆಯವನು ಇದ್ದ ಮೇಲೆ ಎರಡನೆಯವನ ಹೆಸರು ಎಲ್ಲಾದರೂ ಇರಬೇಕಲ್ಲ. ಜೆರ್ಸಿ ತಿರುಗಿಸಿ ಬೆನ್ನು ನೋಡಿದರು. ಅಲ್ಲಿ ಜಾಹೀರಾತು ಇತ್ತು.

"ನೋಡ್ದ್ಯಾ, ಹುಡ್ಗ ಮರೀಲಿಲ್ಲ" ಎಂದರು ದುರ್ಗಪ್ಪ.

"ಹ್ಞೂಂ. ಮರೀಲಿಲ್ಲ."

"ಭಾನ್ವಾರ ಮನೆಗೆ ನೆಂಟ್ರು ಬರೋರಿದಾರೆ. ಅಷ್ಟರೊಳಗೆ ಆತದಾ?"

ಇಲ್ಲಿ ಹೇಳಬೇಕಾದ ಮಾತು ಮಾಬ್ಲೇಶ್ವರರ ನಾಲಿಗೆಯ ತುದಿಯಲ್ಲೇ ಇತ್ತು. ಮೂವತ್ತು ವರ್ಷ ಹೇಳಿ ಹೇಳಿ ಸವೆದ ಮಾತು. ದೀಪಾವಳಿ ಕಳೆಯಲಿ, ಎರಡು ಬಿಸಿಲು ಕಾಣಿಸಿ ಹಾಕಿಕೊಡುತ್ತೇನೆ. ಅವರು ಅದನ್ನು ಹೇಳಲಿಲ್ಲ. "ಆತು" ಎಂದರು.

ಬಟ್ಟೆಗೆ ಕಟ್ಟು ಹಾಕುವ ಕೆಲಸದಲ್ಲಿ ಕಣ್ಣಿಗೆ ಕಾಣದ ಮೂರು ಹಂತಗಳಿವೆ. ಮೊದಲನೆಯದು ಬಿಸಿಲು. ಎರಡನೆಯದು ಅಂತರ: ಗಾಜಿಗೂ ಬಟ್ಟೆಗೂ ನಡುವೆ ಅರ್ಧ ಇಂಚು ಖಾಲಿ ಇರುವಂತೆ ನಾಲ್ಕೂ ಬದಿಗೆ ಸಣ್ಣ ಮರದ ಪಟ್ಟಿ ಕೊಡಬೇಕು. ಇಲ್ಲದಿದ್ದರೆ ಗಾಜು ಬೆವೆತಾಗ ಬಟ್ಟೆ ಅದಕ್ಕೆ ಅಂಟುತ್ತದೆ. ಮೂರನೆಯದು ಹಿಂದಿನ ರಟ್ಟು. ಅಗ್ಗದ ರಟ್ಟು ತೇವ ಹೀರಿ ಚಹಾದ ಬಣ್ಣದ ನೀರು ಬಿಡುತ್ತದೆ. ಆದ್ದರಿಂದ ರಟ್ಟಿನ ಮೇಲೆ ಒಗೆದು ಒಣಗಿಸಿದ ಬಿಳಿ ಕೋರಾ ಬಟ್ಟೆ ಹೊದಿಸಿ, ಅದರ ಮೇಲೆ ಜೆರ್ಸಿಯನ್ನು ಹೊಲಿಯಬೇಕು. ಈ ಮೂರನ್ನೂ ಮಾಬ್ಲೇಶ್ವರ ಆ ವಾರ ಬಿಟ್ಟರು. ಬೇಕೆಂದೇ ಹಾಳು ಮಾಡಿದೆ ಎಂದು ಅವರು ಒಪ್ಪುವುದಿಲ್ಲ. ಕೈ ಹೋಗಲಿಲ್ಲ ಎನ್ನುತ್ತಾರೆ. ಪಟ್ಟಿ ಪಕ್ಕದಲ್ಲೇ ಇತ್ತು, ಕೋರಾ ಬಟ್ಟೆ ಕಪಾಟಿನಲ್ಲಿ ಇತ್ತು.

ಉಳಿದ ಕೆಲಸವನ್ನು ಮಾತ್ರ ಎಂದಿಗಿಂತ ಚೆನ್ನಾಗಿ ಮಾಡಿದರು. ಪೊಟ್ಟಣದ ಮಡಿಕೆ ಗೆರೆಗಳು ಹೋಗುವಂತೆ ಇಸ್ತ್ರಿ ಮಾಡಿದರು. ಆಗ ಅವರಿಗೆ ಇನ್ನೊಂದು ಸಂಗತಿ ಗೊತ್ತಾಯಿತು. ಜೆರ್ಸಿ ಯಾರೂ ತೊಟ್ಟದ್ದಲ್ಲ. ಕಂಕುಳ ಹೊಲಿಗೆಯಲ್ಲಿ ಹೊಸ ಬಟ್ಟೆಯ ಗಂಜಿ ಹಾಗೇ ಇತ್ತು. ಒಂದು ಕ್ಷಣ ಸಮಾಧಾನವಾಯಿತು. ಹೊರಗಿನ ಚೌಕಟ್ಟಿಗೆ ಕರಿ ತೇಗದ ಬಣ್ಣದ ಮರ ಆರಿಸಿ, ಮೂಲೆ ಕೂಡಿಸಿ, ಗಾಜು ಒರೆಸಿ ಶನಿವಾರವೇ ಕೊಟ್ಟರು. ಹೆಂಡತಿ ಗಣಪಿ ಅದನ್ನು ಅಂಗಡಿಯಲ್ಲಿ ನೋಡಿ, ಇದು ನಿಮಗೇ ಬಂದಿದ್ದರೆ ಎಲ್ಲಿ ಹಾಕುತ್ತಿದ್ದಿರಿ ಎಂದು ಕೇಳಿದರು. ನಮ್ಮನೆ ಗೋಡೆ ಮೇಲೆ ಒಂದು ಕ್ಯಾಲೆಂಡರು ಹಾಕುವುದಕ್ಕೂ ನಿಮಗೆ ಪುರುಸೊತ್ತಿಲ್ಲ ಎಂದೂ ಸೇರಿಸಿದರು. ಎಲ್ಲಿ ಹಾಕುತ್ತಿದ್ದೆ ಎಂಬುದು ಮಾಬ್ಲೇಶ್ವರರಿಗೆ ಆಗಲೇ ಗೊತ್ತಿತ್ತು. ಬಾಗಿಲಿನ ಎದುರಿನ ಗೋಡೆ, ಒಳಗೆ ಕಾಲಿಟ್ಟವರ ಕಣ್ಣಿನ ಮಟ್ಟಕ್ಕೆ.

ದುರ್ಗಪ್ಪನ ಮನೆಯಲ್ಲೂ ಅದನ್ನು ಅಲ್ಲಿಯೇ ಹಾಕಿದರು.

ಆ ಮಳೆಗಾಲದಲ್ಲಿ ಮಾಬ್ಲೇಶ್ವರ ದುರ್ಗಪ್ಪನ ಮನೆಗೆ ಹೋದಷ್ಟು ಸಲ ಹಿಂದೆ ಎಂದೂ ಹೋಗಿರಲಿಲ್ಲ. ದುರ್ಗಪ್ಪನ ಹೆಂಡತಿ ತಿಮ್ಮಕ್ಕನಿಗೆ ಆಶ್ಚರ್ಯವಾಗಿತ್ತು. ಹಳೆಯ ಸ್ನೇಹ ವಯಸ್ಸಾದ ಮೇಲೆ ಗಟ್ಟಿಯಾಗುತ್ತದೆ ಎಂದುಕೊಂಡು ಚಹಾ ಮಾಡಿಕೊಡುತ್ತಿದ್ದರು. ಮಾಬ್ಲೇಶ್ವರ ಚಹಾ ಕುಡಿಯುತ್ತ ಗೋಡೆಯ ಕಡೆ ನೋಡುತ್ತಿದ್ದರು. ಜೂನ್ ಕೊನೆಗೆ ಗಾಜಿನ ಒಳಬದಿ ಮಂಜು ಕಟ್ಟಿತು. ಜುಲೈ ಎರಡನೇ ವಾರ ಎದೆಯ ಬಟ್ಟೆ ಗಾಜಿಗೆ ಅಂಟಿತು. ಜುಲೈ ಕೊನೆಯ ಆಟಿ ಅಮಾವಾಸ್ಯೆಯ ಹೊತ್ತಿಗೆ ಎಡ ಕಂಕುಳಿನಿಂದ ಒಂದು ತೆಳು ಕಂದು ಬಣ್ಣ ಇಳಿಯಲು ಶುರುವಾಯಿತು. ಅವರು ಕಾಯುತ್ತಿದ್ದದ್ದು ಅಕ್ಷರಗಳಿಗಾಗಿ. ದುರ್ಗಣ್ಣನಿಗೆ ಎಂಬ ಐದು ಅಕ್ಷರ ಸ್ವಲ್ಪ ಹರಡಲಿ, ಓದಲು ಬಾರದಷ್ಟಲ್ಲ, ಸ್ವಲ್ಪ. ಮಾರ್ಕರ್ ಒಳ್ಳೆಯದಿತ್ತು. ಅಕ್ಷರ ಒಂದೂ ಅಲುಗಲಿಲ್ಲ.

ಚೌತಿಗೆ ದುರ್ಗಪ್ಪನ ಮನೆಗೆ ನಾಗು ಬಂದರು. ನಾಗು ಹೊನ್ನಾವರದವರು, ಹಳೆಯ ತಂಡದಲ್ಲಿ ಬಲ ಮೂಲೆಗೆ ನಿಲ್ಲುತ್ತಿದ್ದವರು, ಈಗ ಅಲ್ಲಿಯ ಒಂದು ಕ್ಲಬ್ಬಿನ ಹುಡುಗರನ್ನು ನೋಡಿಕೊಳ್ಳುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಬಂದವರು ಗೋಡೆಯ ಮುಂದೆ ನಿಂತುಬಿಟ್ಟರು. ಕಂದು ಬಣ್ಣ ಆಗ ಎರಡೂ ಕಂಕುಳಿನಿಂದ ಇಳಿದು, ಎದೆಯ ನಡುವೆ ಕೂಡಿ, ಹೊಟ್ಟೆಯ ಹತ್ತಿರ ಚೂಪಾಗಿ ನಿಂತಿತ್ತು. ಅಂಚಿನಲ್ಲಿ ಉಪ್ಪು ಕಟ್ಟಿದಂತೆ ಬಿಳಿ ಗೆರೆ. ಮಾಬ್ಲೇಶ್ವರರೂ ಅಲ್ಲೇ ಇದ್ದರು. ಈಗ ಕೇಳುತ್ತಾರೆ, ಏನಾಯಿತು ಇದಕ್ಕೆ ಎಂದು ಕೇಳುತ್ತಾರೆ ಎಂದು ಕಾದರು.

ನಾಗು ಧ್ವನಿ ತಗ್ಗಿಸಿ ಹೇಳಿದರು, "ಆಡಿ ಬಂದಂಗೇ ಕಳ್ಸಿದಾನಲ್ಲ ಮಾರಾಯ. ಒಗೀಲೂ ಇಲ್ಲ."

ದುರ್ಗಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಪಂಚಕಜ್ಜಾಯದ ತಟ್ಟೆ ಮುಂದಿಟ್ಟರು.

ಅಲ್ಲಿಂದ ಮಾತು ಹರಡಿತು. ಸೆಮಿಫೈನಲ್‌ನಲ್ಲಿ ದೇವರಾಜ ಆರು ಜನರನ್ನು ಹಿಡಿದ ದಿನದ ಜೆರ್ಸಿ ಎಂದು ನಾಗು ತನ್ನ ಹುಡುಗರಿಗೆ ಹೇಳಿದರು. ಹುಡುಗರು ಸ್ಟೇಟಸ್‌ಗೆ ಹಾಕಿದರು. ಭಾನುವಾರ ಕುಮಟೆಯಿಂದ ಬೈಕುಗಳು ಬರಲು ಶುರುವಾದವು, ಸಂತೆಗುಳಿಯಿಂದ ಒಂದು ಟೆಂಪೋ ತುಂಬ ಹೈಸ್ಕೂಲು ಮಕ್ಕಳು ಬಂದರು. ಬಂದವರು ಸಹಿಗಳನ್ನು ಒಂದು ನಿಮಿಷ ನೋಡಿ ಕಂದು ಗುರುತನ್ನು ಹತ್ತು ನಿಮಿಷ ನೋಡುತ್ತಿದ್ದರು. ಗಾಜನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡವರೂ ಇದ್ದರು. ತಿಮ್ಮಕ್ಕ ಮೀನು ಮಾರಿ ಬಂದು ಬುಟ್ಟಿ ಇಳಿಸಿ, ಮನೆಗೆ ಬಂದವರಿಗೆಲ್ಲ ನೀರು ಬೆಲ್ಲ ಕೊಟ್ಟು ಸುಸ್ತಾಗಿ, ಇದಕ್ಕಿಂತ ಒಂದು ಗೂಡಂಗಡಿ ಇಟ್ಟುಕೊಳ್ಳಬಹುದಿತ್ತು ಎಂದು ನಕ್ಕರು.

ಹೊಸ ಜೆರ್ಸಿಯಾಗಿದ್ದಾಗ ಅದು ಒಂದು ಉಡುಗೊರೆ ಅಷ್ಟೇ ಆಗಿತ್ತು. ಈಗ ಅದರಲ್ಲಿ ಆಟ ಇತ್ತು. ಆ ಆಟವನ್ನು ಅದರೊಳಗೆ ಸೇರಿಸಿದ್ದು ಮಾಬ್ಲೇಶ್ವರರ ರಟ್ಟು. ಅದು ಬೆವರಲ್ಲ ಎಂದು ಈ ಊರಿನಲ್ಲಿ ಖಚಿತವಾಗಿ ಹೇಳಬಲ್ಲವನು ತಾನೊಬ್ಬನೇ ಎಂದು ಅವರು ತಿಳಿದಿದ್ದರು. ಹೇಳಿದರೆ ಮುಂದಿನ ಪ್ರಶ್ನೆ, ನಿನಗೆ ಹೇಗೆ ಗೊತ್ತು ಎಂಬುದು. ಅದಕ್ಕೆ ಉತ್ತರ ಕೊಟ್ಟರೆ ಮೂವತ್ತು ವರ್ಷದ ಅಂಗಡಿಯ ಹೆಸರು ಹೋಗುತ್ತದೆ. ಅವರು ದುರ್ಗಪ್ಪನ ಮನೆಗೆ ಹೋಗುವುದನ್ನು ನಿಲ್ಲಿಸಿದರು. ಭಾನುವಾರ ಅಂಗಡಿಯ ಮುಂದೆ ಬೈಕು ನಿಲ್ಲಿಸಿ ದುರ್ಗಪ್ಪನ ಮನೆಯ ದಾರಿ ಕೇಳುವ ಹುಡುಗರಿಗೆ ಮಾತ್ರ ದಾರಿ ಹೇಳಲೇಬೇಕಾಗುತ್ತಿತ್ತು. ಕೆಲವರಿಗೆ ಒಂದು ತಿರುವು ಮುಂದೆ ಹೇಳಿ ಕಳಿಸಿದ್ದೂ ಇದೆ.

ಅವರಿಗೆ ಉಳಿದಿದ್ದ ಒಂದೇ ಆಸೆ ದೇವರಾಜ. ಹುಡುಗ ಊರಿಗೆ ಬಂದೇ ಬರುತ್ತಾನೆ, ಜೆರ್ಸಿ ನೋಡಿಯೇ ನೋಡುತ್ತಾನೆ. ತೊಟ್ಟಿದ್ದೋ ಅಲ್ಲವೋ ಎಂಬುದು ಅವನಿಗೆ ಗೊತ್ತು. ಅವನ ಬಾಯಿಂದ ಒಂದು ಮಾತು ಬಂದರೆ ಸಾಕು, ಮಾಬ್ಲೇಶ್ವರ ತುಟಿ ಬಿಚ್ಚಬೇಕಿಲ್ಲ. ದೇವರಾಜ ಜನವರಿಯಲ್ಲಿ ನಾಲ್ಕು ದಿನಕ್ಕೆ ಬಂದ. ಎರಡನೇ ದಿನ ದುರ್ಗಪ್ಪ ಊಟಕ್ಕೆ ಕರೆದರು, ಮಾಬ್ಲೇಶ್ವರರಿಗೂ ಹೇಳಿ ಕಳಿಸಿದರು. ಜಗಲಿಯ ತುಂಬ ಜನ. ಹುಡುಗ ಈಗ ಬಾಗಿಲು ತುಂಬುವಷ್ಟು ಬೆಳೆದಿದ್ದ. ಇಬ್ಬರ ಕಾಲಿಗೂ ಬಗ್ಗಿದ, ಮೊದಲು ದುರ್ಗಪ್ಪನಿಗೆ. ನಂತರ ಗೋಡೆಯ ಮುಂದೆ ಹೋಗಿ ನಿಂತ.

ನಾಗುವಿನ ಕ್ಲಬ್ಬಿನ ಹುಡುಗನೊಬ್ಬ, ಅಣ್ಣ ಇದು ಸೆಮಿಫೈನಲ್ಲಿನ ಬೆವರು ಅಲ್ಲವಾ ಎಂದು ಕೇಳಿದ.

ದೇವರಾಜ ಜೆರ್ಸಿಯನ್ನು ನೋಡಿದ. ಹುಬ್ಬು ಸ್ವಲ್ಪ ಗಂಟಾಯಿತು. ಆಮೇಲೆ ತಿರುಗಿ ದುರ್ಗಪ್ಪನನ್ನು ನೋಡಿದ. ದುರ್ಗಪ್ಪ ಬಾಳೆಲೆ ಹಾಸುತ್ತಿದ್ದವರು ಬಗ್ಗಿದ ತಲೆ ಎತ್ತಲಿಲ್ಲ. ಹುಡುಗ ಮತ್ತೆ ಗೋಡೆಯ ಕಡೆ ತಿರುಗಿ, ಹೌದು, ಅವತ್ತು ಬಹಳ ಸೆಕೆ ಇತ್ತು ಎಂದುಬಿಟ್ಟ. ಜನ ನಕ್ಕರು. ಮಾಬ್ಲೇಶ್ವರ ಕಂಬಕ್ಕೆ ಒರಗಿ ನಿಂತಿದ್ದರು. ದೇವರಾಜ ಅವರ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡ.

"ಕಟ್ಟು ಚಲೋ ಹಾಕಿದೀರಿ ಮಾಬ್ಲಣ್ಣ" ಎಂದ.

ಏಳು ವರ್ಷ ಕಾಲು ಹಿಡಿಯುವುದನ್ನು ಕಲಿಸಿದ್ದಕ್ಕೆ ಸಿಕ್ಕ ಮಾತು ಅದು. ಅಂದು ಅವರು ಏಡಿ ಸಾರು ಬಡಿಸುವ ಮೊದಲೇ ತಲೆನೋವು ಎಂದು ಎದ್ದರು.

ಮರುದಿನ ಬೆಳಗ್ಗೆ ಅಂಗಡಿ ತೆರೆಯದೆ ನೇರವಾಗಿ ದುರ್ಗಪ್ಪನ ಮನೆಗೆ ಹೋದರು. ಪಶ್ಚಾತ್ತಾಪದಿಂದ ಹೋದೆ ಎಂದರೆ ಸುಳ್ಳಾಗುತ್ತದೆ ಎಂದು ಅವರೇ ಹೇಳುತ್ತಾರೆ. ಆ ಗುರುತಿಗೆ ಸಿಗುತ್ತಿರುವ ಮರ್ಯಾದೆಯನ್ನು ಇಳಿಸಬೇಕಿತ್ತು. ಲೋಕಕ್ಕೆ ಗೊತ್ತಾಗದಿದ್ದರೂ ಪರವಾಗಿಲ್ಲ, ದುರ್ಗಪ್ಪನಿಗೆ ಗೊತ್ತಾಗಬೇಕಿತ್ತು. ದುರ್ಗಪ್ಪ ಅಂಗಳದಲ್ಲಿ ಕಾಲು ಚಾಚಿ, ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದ ಕಣ್ಣು ಹೆಣೆಯುತ್ತಿದ್ದರು. ಮಾಬ್ಲೇಶ್ವರ ಕೂರಲಿಲ್ಲ.

"ಅದು ಬೆವರಲ್ಲ" ಎಂದರು.

"ಯಾವ್ದು?"

"ಜೆರ್ಸಿ ಮೇಲಿಂದು. ರಟ್ಟಿನ ನೀರು ಅದು. ಜೆರ್ಸಿ ಹೊಸಾದು, ಯಾರೂ ತೊಟ್ಟದ್ದಲ್ಲ."

"ಹೊಸಾದು ಅಂತ ನಂಗೂ ಗೊತ್ತು. ಪೊಟ್ಟಣ ಬಿಚ್ಚಿದ್ದು ನಾನಲ್ದಾ" ಎಂದರು ದುರ್ಗಪ್ಪ. ಹೆಣೆಯುವ ಕೈ ನಿಲ್ಲಲಿಲ್ಲ. "ರಟ್ಟು ಎಂತಕೆ ನೀರು ಬಿಡ್ತು?"

ಮಾಬ್ಲೇಶ್ವರ ಹೇಳಿದರು. ಬಿಸಿಲು, ಪಟ್ಟಿ, ಕೋರಾ ಬಟ್ಟೆ, ಮೂರನ್ನೂ ಒಂದೊಂದಾಗಿ, ಹೊಸ ಗಿರಾಕಿಗೆ ವಿವರಿಸುವಂತೆ ಹೇಳಿದರು. ಯಾವುದನ್ನೂ ಮಾಡಲಿಲ್ಲ ಎಂದರು. ಜೂನಿನಲ್ಲಿ ಬಟ್ಟೆ ತೆಗೆದುಕೊಳ್ಳುವುದೇ ಇಲ್ಲ, ಅವತ್ತು ತೆಗೆದುಕೊಂಡೆ ಎಂದರು. ದುರ್ಗಪ್ಪ ಬಲೆಯನ್ನು ತೊಡೆಯ ಮೇಲೆ ಇಳಿಸಿದರು.

"ನಾನು ನಿಂಗೆ ಎಂತ ಮಾಡಿದ್ದೆ?"

"ನೀ ಎಂತದೂ ಮಾಡ್ಲಿಲ್ಲ" ಎಂದರು ಮಾಬ್ಲೇಶ್ವರ. "ಅವಂಗೆ ಕಾಲು ಹಿಡಿಯೂಕೆ ಕಲ್ಸಿದ್ದು ನಾನು. ನೀ ಅವ್ನ ಕೈಲಿ ಆಗೂದಿಲ್ಲ ಅಂತ ಬಿಟ್ಟಿದ್ದೆ."

"ಹೌದು. ನೀನೇ ಕಲ್ಸಿದ್ದು."

ಇಷ್ಟು ಸಲೀಸಾಗಿ ಒಪ್ಪಿಗೆ ಸಿಗುತ್ತದೆ ಎಂದು ಅವರು ಎಣಿಸಿರಲಿಲ್ಲ. ಇದನ್ನು ಇಷ್ಟು ವರ್ಷ ಒಬ್ಬರ ಮುಂದಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದರು. ನನ್ನನ್ನು ಯಾರೂ ಕೇಳಲಿಲ್ಲ ಎಂದರು ದುರ್ಗಪ್ಪ. ನೀನೂ ಹೇಳಲಿಲ್ಲ, ನಿನ್ನ ಬಾಯಿಗೆ ನೀನೇ ಗಾಜು ಹಾಕಿಕೊಂಡು ಕೂತರೆ ನಾನೇನು ಮಾಡಲಿ ಎಂದೂ ಹೇಳಿದರು. ಒಳಗಿನಿಂದ ತಿಮ್ಮಕ್ಕ ಚಹಾ ತಂದು, ಇಬ್ಬರ ಮುಖ ನೋಡಿ, ಲೋಟಗಳನ್ನು ಕಟ್ಟೆಯ ಮೇಲಿಟ್ಟು ಹೋದರು. ದುರ್ಗಪ್ಪನಿಗೆ ಸಿಟ್ಟು ಬಂದಿತ್ತು ಎಂಬುದು ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು. ಆಮೇಲೆ ಒಳಗೆ ಹೋಗಿ, ಕಟ್ಟನ್ನು ಮೊಳೆಯಿಂದ ಇಳಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಸ್ನೇಹಿತನ ಎದೆಗೆ ಒರಗಿಸಿ ಕೊಟ್ಟರು.

"ಸರಿ ಮಾಡಿ ತಗಂಡು ಬಾ. ಮೂರೂ ಮಾಡು."

"ಗುರ್ತು ತೆಗೀಬಹುದು. ನಿಂಬೆ ರಸ ಹಾಕಿ, ಬಿಸ್ಲಿಗೆ ಇಟ್ರೆ..."

"ಗುರ್ತು ಮುಟ್ಬೇಡ. ಊರೆಲ್ಲ ನೋಡಿ ಆತು, ಹುಡ್ಗ ಸುಳ್ಳು ಹೇಳಿ ಆತು." ಚಹಾದ ಲೋಟ ಎತ್ತಿಕೊಂಡರು. "ಅದ್ರೊಳಗೆ ನಿಂದೂ ಒಂದು ಗುರ್ತು ಇರ್ಲಿ."

ಮಾಬ್ಲೇಶ್ವರ ಕಟ್ಟು ಹೊತ್ತುಕೊಂಡು ಹೆದ್ದಾರಿಯ ಬದಿಯಲ್ಲಿ ನಡೆದು ಅಂಗಡಿಗೆ ಬಂದರು. ಹಿಂದಿನ ಟೇಪು ಕಿತ್ತಾಗ ಹಸಿ ಗೋಣಿಯ ವಾಸನೆ ಬಂತು. ರಟ್ಟು ಕೈಯಲ್ಲೇ ಹರಿಯಿತು. ಜೆರ್ಸಿಯನ್ನು ಗಾಜಿನಿಂದ ಬಿಡಿಸಲು ಒಂದು ಗಂಟೆ ಹಿಡಿಯಿತು. ಬೂಷ್ಟನ್ನು ಮೃದು ಬ್ರಶ್ಶಿನಲ್ಲಿ ಕೊಡವಿದರು, ಕಂದು ಗುರುತಿನ ಅಂಚಿಗೆ ಬ್ರಶ್ ತಾಗದಂತೆ. ಮೂರು ದಿನ ಅಂಗಡಿಯ ಹಿಂದಿನ ಹಗ್ಗದ ಮೇಲೆ, ತೆಳು ಪಂಚೆಯ ಅಡಿಯಲ್ಲಿ ಬಿಸಿಲಿಗೆ ಹಾಕಿದರು. ಕಾಗೆ ಬರದಂತೆ ಗಣಪಿ ಕುರ್ಚಿ ಹಾಕಿಕೊಂಡು ಕೂತಿದ್ದರು. ದುರ್ಗಣ್ಣನ ಅಂಗಿಗೆ ನಾನು ಕಾವಲಾ ಎಂದು ಗೊಣಗುತ್ತಲೂ ಇದ್ದರು. ನಾಲ್ಕನೇ ದಿನ ಪಟ್ಟಿ ಕೊಟ್ಟು, ಕೋರಾ ಬಟ್ಟೆ ಹೊದಿಸಿ, ಸಣ್ಣ ಹೊಲಿಗೆಯಲ್ಲಿ ಜೆರ್ಸಿ ಕೂಡಿಸಿದರು. ಏಳನೇ ನಂಬರಿನ ಕೆಳಗಿನ ಸಾಲನ್ನು ಮತ್ತೆ ಓದಿದರು. ಮೊದಲ ಸಲ ಓದಿದಾಗ ಆದದ್ದೇ ಈಗಲೂ ಆಯಿತು. ದುರ್ಗಪ್ಪ ಒಪ್ಪಿಕೊಂಡದ್ದರಿಂದ ಅದು ಕಡಿಮೆಯಾಗಿರಲಿಲ್ಲ. ಅವರು ಅಂಗಳದಲ್ಲಿ ಒಪ್ಪಿದ್ದು ಬಲೆಯ ಮುಂದೆ, ಜೆರ್ಸಿ ಹೇಳುವುದು ಊರಿನ ಮುಂದೆ.

ಭಾನುವಾರ ಬೆಳಗ್ಗೆ ಕಟ್ಟನ್ನು ದುರ್ಗಪ್ಪನ ಮನೆಗೆ ಒಯ್ದು, ಮಟ್ಟ ಹಿಡಿದು, ಎರಡು ಹೊಸ ಮೊಳೆ ಹೊಡೆದು ತೂಗುಹಾಕಿದರು. ಗಾಜಿಗೂ ಬಟ್ಟೆಗೂ ನಡುವೆ ಸರಿಯಾಗಿ ಅರ್ಧ ಇಂಚು ಅಂತರ. ಜೆರ್ಸಿ ಈಗ ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ಇಷ್ಟು ಒಳ್ಳೆಯ ಕಟ್ಟನ್ನು ಅವರು ಹಿಂದೆ ಹಾಕಿರಲಿಲ್ಲ. ಹಿಂದೆ ಸರಿದು ಕೈ ಒರೆಸಿಕೊಳ್ಳುವಾಗ ಅಂಗಳದಲ್ಲಿ ಎರಡು ಬೈಕು ನಿಂತವು. ಕಾಗಾಲದ ಮೂವರು ಹುಡುಗರು, ಅಲ್ಲಿಯ ಕಬಡ್ಡಿ ತಂಡದವರು. ದುರ್ಗಪ್ಪ ಬಲೆ ಬಿಟ್ಟು ಏಳಲಿಲ್ಲ, ಒಳಗೆ ಹೋಗಿ ನೋಡಿ ಎಂದರು.

ಹುಡುಗರು ನೋಡಿದರು. ಸಹಿ ಓದಿದರು. ಅವರಲ್ಲೊಬ್ಬ, ಭಾಸ್ಕರ ಎಂಬವನು, ಕಂದು ಗುರುತಿನ ಹತ್ತಿರ ಮುಖ ತಂದು ನೋಡಿ, ಹೊರಗೆ ಇಣುಕಿ ಕೇಳಿದ, ಇದು ನಿಜವಾಗಿಯೂ ಬೆವರೇ ಹೌದಾ, ಕೆಲವರು ಸುಳ್ಳು ಎನ್ನುತ್ತಾರೆ ಎಂದು.

"ನಂಗೆಂತ ಕೇಳ್ತೆ?" ಎಂದರು ದುರ್ಗಪ್ಪ, ತಲೆ ಎತ್ತದೆ. "ಕಟ್ಟು ಹಾಕ್ದವ ಅಲ್ಲೇ ಇದಾನೆ. ಜೆರ್ಸಿ ಕೈಯಲ್ಲಿ ಹಿಡ್ದು ನೋಡ್ದವ ಅವ್ನೇ. ಅವ್ನ ಕೇಳು."

ಮೂವರೂ ತಿರುಗಿ ಮಾಬ್ಲೇಶ್ವರರನ್ನು ನೋಡಿದರು. ಅವರು ಅಂಗಳದ ಕಡೆ ನೋಡಿದರು. ದುರ್ಗಪ್ಪನ ಬೆನ್ನು ಕಾಣುತ್ತಿತ್ತು. ಹೆಣೆಯುವ ಕೈ ನಿಂತಿತ್ತು.

"ಬೆವರು" ಎಂದರು ಮಾಬ್ಲೇಶ್ವರ.

"ಸೆಮಿಫೈನಲ್ಲಿಂದೇ?"

"ಹ್ಞೂಂ. ಅವತ್ತಿಂದೇ."

ಹೊರಗೆ ದುರ್ಗಪ್ಪನ ಕೈ ಮತ್ತೆ ಆಡತೊಡಗಿತು. ಭಾಸ್ಕರ ಮೊಬೈಲ್ ತೆಗೆದ. ಒಂದು ಸಲ ತೆಗೆದು ನೋಡಿ, ಸರಿಯಾಗಲಿಲ್ಲ ಎಂದು ತಲೆಯಾಡಿಸಿದ. ಗಾಜಿನಲ್ಲಿ ನಿಮ್ಮ ಮುಖ ಬೀಳುತ್ತಿದೆ, ಸ್ವಲ್ಪ ಆಚೆ ನಿಲ್ಲುತ್ತೀರಾ ಅಣ್ಣ ಎಂದು ಮರ್ಯಾದೆಯಿಂದಲೇ ಕೇಳಿದ. ಮಾಬ್ಲೇಶ್ವರ ಸುತ್ತಿಗೆ ಎತ್ತಿಕೊಂಡು ಬಾಗಿಲಿನ ಆಚೆ ಸರಿದು ನಿಂತರು.